ಫೋಟೋದಲ್ಲಿರೋದು ರಾಮಾನುಜನ್

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು 'ತೊಟ್ಟಿಮನೆ'. ತೊಟ್ಟಿಮನೆ ಮಾರಿ ಹತ್ತೊಂಬತ್ತು ವರ್ಷ ಆಯ್ತು. ಮಾರಿಸಿದ್ದು ಯಾರು ಅನ್ನೋದು ಇನ್ನೂ ಇತ್ಯರ್ಥವಾಗಿಲ್ಲ. ನಾನು ಅಡ್ಮಿನ್. ಅಂದರೆ ಜಗಳ ಆದಾಗ ಎರಡೂ ಕಡೆಯವರು ಪ್ರತ್ಯೇಕವಾಗಿ ಫೋನ್ ಮಾಡೋದು ನನಗೆ. ಕಳೆದ ಭಾನುವಾರದ್ದನ್ನು ಇದ್ದ ಹಾಗೇ ಇಳಿಸಿದ್ದೇನೆ, ಗುಡ್ ಮಾರ್ನಿಂಗ್ ಹೂವುಗಳನ್ನು ಬಿಟ್ಟು.

ದೊಡ್ಡಪ್ಪ, 6:12 (ಹಲವು ಬಾರಿ ಫಾರ್ವರ್ಡ್ ಆಗಿದೆ): ಪ್ರತಿಯೊಬ್ಬ ಭಾರತೀಯನೂ ಓದಲೇಬೇಕು!! ಡಿಎನ್‌ಎ ಕಂಡುಹಿಡಿದದ್ದು ನಮ್ಮ ಜಿ.ಎನ್. ರಾಮಚಂದ್ರನ್. ಕ್ರಿಕ್ ಎಂಬ ಬ್ರಿಟಿಷ್ ವಿಜ್ಞಾನಿ ಅದನ್ನು ಕದ್ದು 1962ರಲ್ಲಿ ನೊಬೆಲ್ ಹೊಡೆದುಕೊಂಡ. ಈಗ ನೊಬೆಲ್ ಸಮಿತಿ ಭಾರತದ ಕ್ಷಮೆ ಕೇಳಿದೆ. ಟಿವಿಯವರು ತೋರಿಸಲ್ಲ. ಹತ್ತು ಜನಕ್ಕೆ ಕಳಿಸಿ.

ಕೆಳಗೊಂದು ಕಪ್ಪು-ಬಿಳುಪು ಫೋಟೋ. ಏಳು ಗಂಟೆಯೊಳಗೆ ಹನ್ನೊಂದು ಜನ ಕೈಮುಗಿದಿದ್ದರು. ಅದರಲ್ಲಿ ಒಬ್ಬ ನಾನು. ಹಾಸಿಗೆಯಲ್ಲಿದ್ದೆ, ಓದಿರಲಿಲ್ಲ.

ಮೇಘನಾ, 7:20: ದೊಡ್ಡಪ್ಪ, ಫೋಟೋದಲ್ಲಿರೋದು ಶ್ರೀನಿವಾಸ ರಾಮಾನುಜನ್. ಗಣಿತದವರು. 1920ರಲ್ಲಿ ತೀರಿಕೊಂಡ್ರು. ರಾಮಚಂದ್ರನ್ ಹುಟ್ಟಿದ್ದೇ 1922ರಲ್ಲಿ.

ದೊಡ್ಡಪ್ಪ: ಫೋಟೋ ಯಾರದ್ದಾದರೇನಮ್ಮ, ಭಾವನೆ ಮುಖ್ಯ.

ಮೇಘನಾ: ಡಿಎನ್‌ಎನೂ ಅಲ್ಲ. ಅವರು ಕೆಲಸ ಮಾಡಿದ್ದು ಕೊಲಾಜೆನ್ ಮೇಲೆ. ಚರ್ಮ, ಮೂಳೆ ಎಲ್ಲದರಲ್ಲೂ ಇರೋ ಪ್ರೋಟೀನ್. ಅದು ಮೂರೆಳೆಯದ್ದು ಅಂತ ಮದರಾಸಿನಲ್ಲಿ ಕೂತು 1954ರಲ್ಲಿ ಗೋಪಿನಾಥ್ ಕರ್ತಾ ಜೊತೆ ಬರೆದ್ರು. ಮರುವರ್ಷ ಆ ಮೂರೆಳೆಗೆ ಹಗ್ಗದ ಹಾಗೆ ಹುರಿ ಕೊಟ್ರು. ಕ್ಷಮೆ ಕೇಳಿದ್ದಕ್ಕೆ ಆಧಾರ ಎಲ್ಲಿದೆ? ಯಾರ್‍ಯಾರ ಹೆಸರು ಬಂದಿತ್ತು ಅನ್ನೋದನ್ನೇ ನೊಬೆಲ್‌ನವರು ಐವತ್ತು ವರ್ಷ ಗುಟ್ಟಾಗಿಡ್ತಾರೆ.

ಸರೋಜತ್ತೆ: ಕೊಲಾಜೆನ್ ಅಂದ್ರೆ ನಮ್ಮ ವಿದ್ಯಾ ಮುಖಕ್ಕೆ ಹಚ್ಚೋದಾ? ಎರಡು ಸಾವಿರದ ಚಿಲ್ಲರೆ ಅದು.

ವಿದ್ಯಾ: ಅತ್ತೆ, ಅದು ನನ್ನ ಸಂಬಳದ ದುಡ್ಡು.

ಇಪ್ಪತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ವಿಷಯ ಅಲ್ಲಿಗೇ ಮುಗಿಯುತ್ತಿತ್ತು, ಸೂರಿ ಭಾವ ಹೆಂಡತಿಯನ್ನು ಕಾಪಾಡೋಕೆ ಹೊರಡದಿದ್ದರೆ.

ಸೂರಿ: ಅಲ್ಲ ಮೇಘು, ಆ ಕಾಲದಲ್ಲಿ ಅವರಿಗೆ ಕೊಲಾಜೆನ್ ಎಲ್ಲಿಂದ ಸಿಕ್ತು?

ಮೇಘನಾ: ಕಾಂಗರೂ ಬಾಲದಿಂದ. ಬಾಲದ ಸ್ನಾಯುರಜ್ಜು.

ದೊಡ್ಡಪ್ಪ: ಏಕಾದಶಿ ದಿನ ಗುಂಪಿನಲ್ಲಿ ಬಾಲ ಗೀಲ ಬೇಡ.

ಇಷ್ಟರಲ್ಲಿ ಹ್ಯೂಸ್ಟನ್ನಿನಲ್ಲಿ ಶನಿವಾರ ರಾತ್ರಿ. ದೊಡ್ಡಪ್ಪನ ಮಗನಿಗೆ ನಿದ್ದೆ ಬಂದಿರಲಿಲ್ಲ.

ಪ್ರಸನ್ನ: ಅಪ್ಪ, ಈ ರಾಮಚಂದ್ರನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಐಐಎಸ್‌ಸಿ) ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗಿಗೆ. ಅದನ್ನ ಬಿಟ್ಟು ಸಿ.ವಿ. ರಾಮನ್ ಹತ್ರ ಫಿಸಿಕ್ಸಿಗೆ ಹೋದ್ರು. ನಾನು 1994ರಲ್ಲಿ ಕೇಳಿದ್ದೂ ಇದನ್ನೇ.

ದೊಡ್ಡಪ್ಪ: ನಿನಗೆ ರಾಮನ್ ಸಿಕ್ಕಿರಲಿಲ್ಲ. ಸಿಕ್ಕಿದ್ದು ಸಿಇಟಿ ಸೀಟು.

ಸರೋಜತ್ತೆ: ಅಣ್ಣ, ಬೆಳಗ್ಗೆ ಬೆಳಗ್ಗೆ ಮಗು ಮೇಲೆ ರೇಗಬೇಡ.

ಮಗುವಿಗೆ ನಲವತ್ತೊಂಬತ್ತು.

ಸೂರಿ: ಹಾಗಾದ್ರೆ ಕ್ರಿಕ್ ಕದೀಲೇ ಇಲ್ವಾ?

ಮೇಘನಾ: ಕ್ರಿಕ್‌ಗೆ ನೊಬೆಲ್ ಬಂದಿದ್ದು ಡಿಎನ್‌ಎಗೆ, ಅದು 1953ರ ಕೆಲಸ. ಅನ್ಯಾಯ ಆಯ್ತು ಅನ್ನಲೇಬೇಕಿದ್ರೆ ರೋಸಲಿಂಡ್ ಫ್ರಾಂಕ್ಲಿನ್‌ಗೆ ಅನ್ನಿ. ಅವರು ತೆಗೆಸಿದ ಡಿಎನ್‌ಎ ಎಕ್ಸ್‌ರೇ ಚಿತ್ರ ಅವರಿಗೇ ಹೇಳದೆ ಕ್ರಿಕ್ ಜೊತೆಗಾರ ವಾಟ್ಸನ್‌ಗೆ ತೋರಿಸಿದ್ರು. 1958ರಲ್ಲಿ, ಮೂವತ್ತೇಳಕ್ಕೇ ತೀರಿಕೊಂಡ್ರು. ರಾಮಚಂದ್ರನ್ ಜೊತೆ ಕ್ರಿಕ್ ಮಾಡಿದ್ದು ಕಳ್ಳತನ ಅಲ್ಲ, ಜಗಳ. ಅಲೆಕ್ಸಾಂಡರ್ ರಿಚ್ ಜೊತೆ ಸೇರಿ 1955ರಲ್ಲಿ, ನಿಮ್ಮ ಮಾದರೀಲಿ ಪರಮಾಣುಗಳು ಒಂದಕ್ಕೊಂದು ಒತ್ತಿಕೊಂಡಿವೆ, ಅಷ್ಟು ಹತ್ತಿರ ಇರೋಕಾಗಲ್ಲ ಅಂದ್ರು. ಇವರು ಸುಮ್ಮನೆ ಕೂರಲಿಲ್ಲ. ಹತ್ತಿರ ಅಂದ್ರೆ ಎಷ್ಟು ಹತ್ತಿರ? ಅಷ್ಟು ಹೊತ್ತಿಗೆ ರಚನೆ ಗೊತ್ತಿದ್ದ ಹರಳುಗಳ ಲೆಕ್ಕ ತೆಗೆದು ಅಳತೆ ಹಾಕ್ತಾ ಹೋದ್ರು. ಆ ಹಟದಿಂದ 1963ರಲ್ಲಿ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ, ಒಂದು ನಕ್ಷೆ ಬಂತು. ಪ್ರೋಟೀನ್ ಸರಪಣಿ ಕೊಂಡಿಕೊಂಡಿಗೂ ಎರಡು ಕಡೆ ತಿರುಗುತ್ತೆ. ಎಷ್ಟು ತಿರುಗಿದ್ರೆ ಸರಿ, ಎಷ್ಟಾದ್ರೆ ಪಕ್ಕದ ಪರಮಾಣುಗೆ ಗುದ್ದುತ್ತೆ ಅಂತ ತೋರಿಸೋ ನಕ್ಷೆ. ಅಂಬಾಸಡರ್ ಕಾರಲ್ಲಿ ಒಂಬತ್ತು ಜನ ಕೂತಾಗ ಮೊಣಕೈ ಎಲ್ಲೆಲ್ಲಿ ಇಡಬಹುದು ಅನ್ನೋ ಲೆಕ್ಕ ಅಂದ್ಕೊಳ್ಳಿ. ಇವತ್ತಿಗೂ ಯಾರೇ ಪ್ರೋಟೀನ್ ರಚನೆ ಬಿಡಿಸಲಿ, ಕಂಪ್ಯೂಟರೇ ಊಹಿಸಲಿ, ಕೊಂಡಿಗೊಂದು ಚುಕ್ಕಿ ಇಟ್ಟು ಆ ನಕ್ಷೆಗೆ ಹಿಡಿದು ನೋಡ್ತಾರೆ. 1971ರಲ್ಲಿ ಬೆಂಗಳೂರಿಗೇ ವಾಪಸ್ ಬಂದು ಅದೇ ಟಾಟಾ ಇನ್‌ಸ್ಟಿಟ್ಯೂಟಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ್ರು. ನೊಬೆಲ್ ಬರಲಿಲ್ಲ ನಿಜ. ಅದಕ್ಕೆ ಕಳ್ಳನ ಕಥೆ ಯಾಕೆ ಬೇಕು?

ಇಷ್ಟು ಉದ್ದದ್ದನ್ನು ನಮ್ಮ ಗುಂಪಿನಲ್ಲಿ ಇದುವರೆಗೆ ಯಾರೂ ಸ್ವಂತವಾಗಿ ಟೈಪ್ ಮಾಡಿಲ್ಲ. ಆದರೆ ಅಂಬಾಸಡರ್ ಅಂದಿದ್ದು ಅವಳ ತಪ್ಪು.

ಸೂರಿ: ಅಂಬಾಸಡರ್!!! ಶಿರಾಡಿ ಘಾಟಿಯಲ್ಲಿ ರೇಡಿಯೇಟರ್ ಕುದ್ದು ನಿಂತಿತ್ತಲ್ಲ, ಧರ್ಮಸ್ಥಳಕ್ಕೆ ಹೋಗುವಾಗ? ಅಜ್ಜಿಯ ಪುಳಿಯೋಗರೆ ಗಂಟು ನನ್ನ ತೊಡೆ ಮೇಲಿತ್ತು. ಆ ರುಚಿ ಇನ್ನೆಲ್ಲಿ.

ಸರೋಜತ್ತೆ: ಅವತ್ತು ಪ್ರಸನ್ನ ನನ್ನ ಮೈಸೂರು ಸಿಲ್ಕ್ ಮೇಲೆ ವಾಂತಿ ಮಾಡಿದ್ದ.

ಪ್ರಸನ್ನ: ಅತ್ತೆ, ಅದು ನಾನಲ್ಲ. ಸೂರಿ.

ಸೂರಿ: ಕಿಟಕಿ ಪಕ್ಕ ಕೂತಿದ್ದು ನಾನು. ಕಿಟಕಿ ಪಕ್ಕ ಕೂತವನು ಸೀರೆ ಮೇಲೆ ಹೇಗೆ ಮಾಡ್ತಾನೆ? ಆಧಾರ ಕೊಡು.

ನಲವತ್ತೊಂದು ಮೆಸೇಜು. ವಾಂತಿಯಿಂದ ಕಾರಿಗೆ, ಕಾರು ಮಾರಿದ ದುಡ್ಡಿಗೆ, ಅಲ್ಲಿಂದ ತೊಟ್ಟಿಮನೆಯ ಕ್ರಯಪತ್ರಕ್ಕೆ. ಚಿಕ್ಕಪ್ಪ ಗುಂಪು ಬಿಟ್ಟರು. ನಾನು ಸೇರಿಸಿದೆ. ಮತ್ತೆ ಬಿಟ್ಟರು.

ಮೇಘನಾ, 10:48: ಒಂದು ಮಾತು. ಹೋದ ತಿಂಗಳು ನನ್ನ ಪಿಎಚ್‌ಡಿ ಪೇಪರ್ ಬಂತು ಅಂತ ಇದೇ ಗುಂಪಲ್ಲಿ ಲಿಂಕ್ ಹಾಕಿದ್ದೆ. ಅದೂ ಪ್ರೋಟೀನ್ ರಚನೆ ಮೇಲೇ. ಎರಡು ಹೆಬ್ಬೆರಳು ಬಂತು. ಒಂದು ಅಮ್ಮಂದು.

ದೊಡ್ಡಪ್ಪ: ನಾನು ಅಭಿನಂದಿಸಿದ್ದೇನೆ. ಮೇಲೆ ಹೋಗಿ ನೋಡು.

ಮೇಘನಾ: ನೋಡಿದೆ. 'ವೆರಿ ಗುಡ್. ಮದುವೆ ಯಾವಾಗ?' ಅಂತಿದೆ.

ಎರಡನೇ ಹೆಬ್ಬೆರಳು ನನ್ನದಲ್ಲ. ನೋಡಿಕೊಂಡೆ.

ಸರೋಜತ್ತೆ: ನಾನು ಆ ಲಿಂಕ್ ಒತ್ತಿದೆ ಕಣೇ ಪುಟ್ಟಿ. ಓದೋಣ ಅಂತಲೇ ಒತ್ತಿದ್ದು. ಅದು ಮೂವತ್ತೈದು ಡಾಲರ್ ಕೊಡು ಅಂತು. ಹೆದರಿ ಫೋನೇ ಆಫ್ ಮಾಡಿಬಿಟ್ಟೆ.

ದೊಡ್ಡಪ್ಪ: ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಅಂತ ಎಷ್ಟು ಸಲ ಹೇಳಿದ್ದೇನೆ. ಖಾತೆ ಖಾಲಿ ಮಾಡ್ತಾರೆ.

ಸರೋಜತ್ತೆ: ಅಣ್ಣ, ಲಿಂಕ್ ಮೇಘನಾದು.

ಮೇಘನಾ: ಅತ್ತೆ, ಅದು ಜರ್ನಲಿನವರು ಕೇಳೋ ದುಡ್ಡು. ನನಗೆ ಅದರಲ್ಲಿ ಒಂದು ಪೈಸೆ ಬರಲ್ಲ. ತಗೊಳ್ಳಿ, ಪಿಡಿಎಫ್ ಹಾಕಿದ್ದೀನಿ, ಬಿಟ್ಟಿ. ದೊಡ್ಡಪ್ಪ, ಆರನೇ ಪುಟದಲ್ಲಿ ರಾಮಚಂದ್ರನ್ ಇದ್ದಾರೆ. ನೋಡಿ.

ಸರೋಜತ್ತೆ ಹೆಬ್ಬೆರಳು ಒತ್ತಿದರು. ವಿದ್ಯಾ ಒತ್ತಿದಳು. ನಾನೂ ಒತ್ತಿದೆ, ಈ ಸಲ ತೆಗೆದು ನೋಡಿ. ದೊಡ್ಡಪ್ಪ ಹನ್ನೆರಡು ನಿಮಿಷ 'ಟೈಪಿಂಗ್' ಅಂತ ತೋರಿಸುತ್ತಿದ್ದರು.

ದೊಡ್ಡಪ್ಪ, 11:09: ಆರನೇ ಪುಟ ನೋಡಿದೆ. ಫೋಟೋ ಓಪನ್ ಆಗಿಲ್ಲಮ್ಮ. ಬರೀ ಚುಕ್ಕಿ ಕಾಣ್ತಿದೆ.