ಡರ್ಕ್ ನೊವಿಟ್ಸ್ಕಿಯ ವಿದಾಯದ ಪಂದ್ಯಗಳು ಮತ್ತು ಆ ಒಂಟಿಕಾಲಿನ ಶಾಟ್: ತಿಳಿದವರು ಹೇಳಿ

ಎರಡನೇ_ಸಾಲು:
ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಡಲ್ಲಾಸ್ ತಂಡಕ್ಕೆ ಆಡಿದ ಜರ್ಮನಿಯ ಡರ್ಕ್ ಬಗ್ಗೆ ಎರಡು ಪ್ರಶ್ನೆ. 2019ರಲ್ಲಿ ಅವರು ಆಟ ಬಿಟ್ಟಾಗ ಡಲ್ಲಾಸ್‌ನವರು ಅತ್ತಿದ್ದು ಅರ್ಥವಾಗುತ್ತದೆ. ಆದರೆ ಎದುರಾಳಿ ತಂಡಗಳ ಊರಿನವರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೇಕೆ? ಕೊನೆಯ ಸೀಸನ್‌ನಲ್ಲಿ ಯಾವ ಪಂದ್ಯಗಳನ್ನು ಹುಡುಕಿ ನೋಡಬೇಕು?

ಇನ್ನೊಂದು, ಅವರ ಒಂಟಿಕಾಲಿನ ಫೇಡ್‌ಅವೇ, ಅಂದರೆ ಹಿಂದಕ್ಕೆ ಹಾರುತ್ತಾ ಎಸೆಯುವ ಶಾಟ್. ಹದಿನೈದು ಹದಿನಾರರ ಹುಡುಗರು ಅದನ್ನೇ ಮಾಡಲು ಹೋಗುತ್ತಾರೆ, ಹೆಚ್ಚಿನವು ರಿಂಗಿನ ಮುಂಭಾಗಕ್ಕೆ ಬಡಿದು ವಾಪಸ್ ಬರುತ್ತವೆ. ಏಳಡಿ ಎತ್ತರ ಇಲ್ಲದವರಿಗೆ ಇದನ್ನು ಕಲಿಸಬಹುದೇ? ಕಲಿಸುವುದಾದರೆ ಎಲ್ಲಿಂದ ಶುರು?

ಮಣಿಕಟ್ಟು:
ಶಾಟ್ ವಿಷಯ ಮೊದಲು ಹೇಳುತ್ತೇನೆ. ಚೆಂಡು ಮುಂಭಾಗಕ್ಕೆ ಬಡಿಯುವುದಕ್ಕೆ ಸರಳ ಲೆಕ್ಕವಿದೆ. ಕೈ ಬಿಡುವ ಹೊತ್ತಿಗೆ ದೇಹ ಹಿಂದಕ್ಕೆ ಹೋಗುತ್ತಿದ್ದರೆ ಅಷ್ಟು ವೇಗ ಚೆಂಡಿನಿಂದ ಕಳೆದುಹೋಗುತ್ತದೆ. ಫ್ರೀ ಥ್ರೋ (ಫೌಲ್ ಆದಾಗ ಯಾರೂ ಅಡ್ಡ ಬರದೆ ಎಸೆಯುವ ಶಾಟ್) ಗೆರೆಯ ಆಸುಪಾಸಿನಿಂದ ಹೋದ ಚೆಂಡು ಸುಮಾರು ಒಂದು ಸೆಕೆಂಡ್ ಗಾಳಿಯಲ್ಲಿರುತ್ತದೆ. ಹುಡುಗ ಸೆಕೆಂಡಿಗೆ ಅರ್ಧ ಮೀಟರ್‌ನಂತೆ ಹಿಂದಕ್ಕೆ ಹಾರಿದರೂ ಸಾಕು, ಚೆಂಡು ಅರ್ಧ ಮೀಟರ್ ಇತ್ತಲೇ ಇಳಿಯುತ್ತದೆ. ರಿಂಗಿನ ಒಳ ವ್ಯಾಸವೇ 45 ಸೆಂ.ಮೀ. ಚಿಲ್ಲರೆ.

ಇದು ಗೊತ್ತಾದ ಕೂಡಲೇ ಹುಡುಗರು ಮಾಡುವ ಎರಡನೇ ತಪ್ಪು, ಜೋರಾಗಿ ಚಪ್ಪಟೆಯಾಗಿ ಎಸೆಯುವುದು. 7ನೇ ಸೈಜ್ ಚೆಂಡಿನ ವ್ಯಾಸ ಸುಮಾರು 24 ಸೆಂ.ಮೀ. ಚೆಂಡು 30 ಡಿಗ್ರಿಯಲ್ಲಿ ಇಳಿದರೆ ಅದಕ್ಕೆ ಕಾಣುವ ಬಾಯಿ ಬರೀ 23 ಸೆಂ.ಮೀ., ಅಂದರೆ ರಿಂಗಿಗೆ ತಾಗದೆ ಒಳಹೋಗುವಂತೆಯೇ ಇಲ್ಲ. 45 ಡಿಗ್ರಿಗೆ 32, 60ಕ್ಕೆ ಸುಮಾರು 40 ಸೆಂ.ಮೀ. ಇನ್ನೊಂದು ನೆನಪಿರಲಿ: ರಿಂಗ್ ಕೈಗಿಂತ ಮೇಲಿರುವುದರಿಂದ ಬಿಟ್ಟ ಕೋನಕ್ಕಿಂತ ಇಳಿಯುವ ಕೋನ ಯಾವಾಗಲೂ ಕಡಿಮೆ. ಅದೇ ಗೆರೆಯಿಂದ, ಎರಡೂಕಾಲು ಮೀಟರ್ ಎತ್ತರದಿಂದ 52 ಡಿಗ್ರಿಗೆ ಬಿಟ್ಟದ್ದು ರಿಂಗಿಗೆ ಇಳಿಯುವಾಗ 42ರ ಹತ್ತಿರ ಇರುತ್ತದೆ.

ಡರ್ಕ್‌ಗೆ ಹದಿಹರೆಯದಿಂದ ಕಲಿಸಿದ ಹೋಲ್ಗರ್ ಗೆಶ್‌ವಿಂಡ್ನರ್ ಇಂಥ ಲೆಕ್ಕವನ್ನೇ ಮಾಡಿದವರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಪಶ್ಚಿಮ ಜರ್ಮನಿಗೆ ಆಡಿದವರು, ಗಣಿತ ಭೌತಶಾಸ್ತ್ರ ಓದಿದವರು. ಡರ್ಕ್‌ನ ಕೈ ಉದ್ದ, ಎತ್ತರ ಇಟ್ಟುಕೊಂಡು ಯಾವ ಕೋನದಲ್ಲಿ ಬಿಟ್ಟರೆ ಸಣ್ಣ ತಪ್ಪಿಗೂ ಚೆಂಡು ಒಳಗೇ ಬೀಳುತ್ತದೆ ಎಂದು ಹುಡುಕಿದರು. ನೋಡುವವರ ಕಣ್ಣು ಆ ಎತ್ತಿದ ಮಂಡಿಯ ಮೇಲಿರುತ್ತದೆ. ನನ್ನ ಪ್ರಕಾರ ಶಾಟಿನ ಜೀವ ಇರುವುದು ಆ ಎತ್ತರದ ಕಮಾನಿನಲ್ಲಿ.

ಕಲಿಸುವ ಕ್ರಮ, ಬಲಗೈಯವರಿಗೆ: ರಿಂಗಿನಿಂದ ಒಂದೂವರೆ ಮೀಟರ್ ದೂರದಲ್ಲಿ ಎಡಗಾಲ ಮೇಲೆ ನಿಲ್ಲಿಸಿ, ಬಲಮಂಡಿ ಸೊಂಟದ ಮಟ್ಟಕ್ಕೆ. ಹಾರುವುದು ಬೇಡ, ಒಂದೇ ಕೈ. ಹತ್ತಕ್ಕೆ ಏಳು ಬೀಳುವವರೆಗೆ ಅಲ್ಲೇ ಇರಿ. ಆಮೇಲೆ ನೇರ ಮೇಲಕ್ಕೆ ಹಾರಿ ಅದೇ ಎಡಗಾಲ ಮೇಲೆ ಇಳಿಯುವುದು. ಮೂರನೆಯದಾಗಿ ಮಾತ್ರ ಹಿಂದಕ್ಕೆ, ಅದೂ ಒಂದು ಅಡಿ, ಹೆಚ್ಚಿಲ್ಲ. ನೆಲದ ಮೇಲೆ ಟೇಪ್ ಅಂಟಿಸಿ, ದಾಟಿ ಇಳಿದ ಶಾಟ್ ಬಿದ್ದರೂ ಲೆಕ್ಕಕ್ಕಿಲ್ಲ. ಇದು ಹದಕ್ಕೆ ಬರುವ ಮುಂಚೆ ನಾಲ್ಕು ಮೀಟರ್‌ಗೆ ಹೋದರೆ ಶಕ್ತಿ ಸಾಲದೆ ಮೊಣಕೈ ಹೊರಕ್ಕೆ ತೆರೆದುಕೊಳ್ಳುತ್ತದೆ, ಚೆಂಡು ಅಕ್ಕಪಕ್ಕಕ್ಕೆ ಹೋಗುತ್ತದೆ.

ಎತ್ತರ ಬೇಕೇ ಬೇಕು ಅಂತಿಲ್ಲ. ಡರ್ಕ್‌ನಂತೆ 213 ಸೆಂ.ಮೀ. ಇದ್ದವರಿಗೆ ತಡೆಯುವವರ ಕೈ ಎಟುಕುವುದೇ ಇಲ್ಲ. ಗಿಡ್ಡ ಹುಡುಗನಿಗೆ ತನ್ನಷ್ಟೇ ಎತ್ತರದ ಎದುರಾಳಿ ಸಿಕ್ಕಾಗ ಮಾತ್ರ ಉಪಯೋಗ.

ವಿಸಿಲ್:
ಮೇಲಿನದಕ್ಕೆ ಎರಡು ಸೇರಿಸಬೇಕು. ಎತ್ತಿದ ಮಂಡಿ ಎದುರಾಳಿಯನ್ನು ದೂರ ಇಡುತ್ತದೆ ನಿಜ, ಆದರೆ ಅದರಿಂದ ತಳ್ಳಿದರೆ ಫೌಲ್ ನಿಮ್ಮದೇ. ಮಂಡಿ ಮೇಲಕ್ಕೆ ಏಳಬೇಕು, ಮುಂದಕ್ಕೆ ಚುಚ್ಚಬಾರದು.

ಟ್ರಾವೆಲ್ (ಚೆಂಡು ಹಿಡಿದು ನಿಯಮ ಮೀರಿ ಹೆಜ್ಜೆ ಇಡುವ ತಪ್ಪು) ಬಗ್ಗೆ ಹೊಸ ರೆಫರಿಗಳಿಗೂ ಗೊಂದಲವಿದೆ. ಪಿವಟ್ ಕಾಲು, ಅಂದರೆ ಚೆಂಡು ಹಿಡಿದು ತಿರುಗುವಾಗ ನೆಲಕ್ಕೆ ಊರಿಟ್ಟ ಕಾಲು, ಎತ್ತುವುದು ತಪ್ಪಲ್ಲ. ಎತ್ತಿದ ಕಾಲು ಮತ್ತೆ ನೆಲ ಮುಟ್ಟುವ ಮೊದಲು ಚೆಂಡು ಕೈಬಿಟ್ಟಿರಬೇಕು, ಅಷ್ಟೇ. ಬಲಗಾಲು ಪಿವಟ್ ಆಗಿದ್ದರೂ ಅದನ್ನೆತ್ತಿ ಎಡಗಾಲಿಂದ ಹಾರಿ ಎಸೆಯಬಹುದು. ಮಂಡಿ ಎತ್ತಿ, ಮನಸ್ಸು ಬದಲಿಸಿ, ಆ ಪಿವಟ್ ಕಾಲು ಕೆಳಗಿಟ್ಟು ಮತ್ತೆ ಎಸೆದರೆ ಅದು ಟ್ರಾವೆಲ್. ಹುಡುಗರು ಸಿಕ್ಕಿಬೀಳುವುದು ಇಲ್ಲೇ.

ನಲವತ್ತೊಂದು:
ವಿದಾಯದ ವಿಷಯ ನಾನು ಹೇಳುತ್ತೇನೆ, ಇದರ ಬಗ್ಗೆ ಎಷ್ಟು ಬರೆದರೂ ಸಾಲದು.

ಡರ್ಕ್ ನಿವೃತ್ತಿಯನ್ನು ಮೊದಲೇ ಘೋಷಿಸಿರಲಿಲ್ಲ. 2018ರ ಏಪ್ರಿಲ್‌ನಲ್ಲಿ ಎಡ ಕಾಲಗಂಟಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಮುಂದಿನ ಸೀಸನ್‌ನ ಮೊದಲ 26 ಪಂದ್ಯ ತಪ್ಪಿ, ಡಿಸೆಂಬರ್ 13ಕ್ಕೆ ಫೀನಿಕ್ಸ್‌ನಲ್ಲಿ ಅಂಗಳಕ್ಕಿಳಿದರು. ವಯಸ್ಸು 40. ಆಡಿದ 51 ಪಂದ್ಯಗಳಲ್ಲಿ ಸರಾಸರಿ 7.3 ಅಂಕ. ಕಾಲು ಮೊದಲಿನಂತೆ ಓಡುತ್ತಿಲ್ಲ ಎಂದು ಎಲ್ಲರಿಗೂ ಕಾಣುತ್ತಿತ್ತು. ಹಾಗಾಗಿ ಪ್ರತಿ ಊರಿನವರೂ ಇದೇ ಕೊನೆಯ ಸಲವೇನೋ ಎಂದು ಅವರಾಗಿಯೇ ಬೀಳ್ಕೊಟ್ಟರು.

ನೋಡಲೇಬೇಕಾದದ್ದು 2019ರ ಫೆಬ್ರವರಿ 25, ಲಾಸ್ ಏಂಜಲೀಸ್. ಪಂದ್ಯಕ್ಕೆ 9.4 ಸೆಕೆಂಡ್ ಬಾಕಿ, ಆ ಊರಿನ ತಂಡ ಕ್ಲಿಪ್ಪರ್ಸ್ ಗೆಲ್ಲುವುದು ಖಚಿತ. ಆಗ ಅವರ ಕೋಚ್ ಡಾಕ್ ರಿವರ್ಸ್ ಟೈಮ್‌ಔಟ್ ಕರೆದು, ಮೈಕ್ ಹಿಡಿದು, ಡರ್ಕ್‌ಗಾಗಿ ಎದ್ದು ನಿಲ್ಲಿ ಎಂದು ತನ್ನ ಊರಿನವರನ್ನೇ ಕೇಳಿಕೊಂಡರು. ಎದುರು ತಂಡದ ಕೋಚ್!

ಮಾರ್ಚ್ 18ರಂದು ನ್ಯೂ ಆರ್ಲಿಯನ್ಸ್ ವಿರುದ್ಧ ಹಳೆಯ ದಿಗ್ಗಜ ವಿಲ್ಟ್ ಚೇಂಬರ್ಲಿನ್‌ರ ಜೀವಮಾನದ ಒಟ್ಟು 31,419 ಅಂಕ ದಾಟಿದರು. ಅದರ ಮೊದಲ ಕ್ವಾರ್ಟರ್ ನೋಡಿದರೆ ಸಾಕು.

ತವರಿನ ಕೊನೆಯ ಪಂದ್ಯ ಏಪ್ರಿಲ್ 9, ಫೀನಿಕ್ಸ್ ವಿರುದ್ಧ. ನಮ್ಮಲ್ಲಿ ಆಗ 10ರ ಬೆಳಗ್ಗೆ. ಇದನ್ನು ಪೂರ್ತಿ ನೋಡಿ. 30 ಅಂಕ, ಡಲ್ಲಾಸ್ 120-109ರಿಂದ ಗೆದ್ದಿತು. ಹೊಸ ಹುಡುಗ ಲೂಕಾ ಡಾನ್ಚಿಚ್‌ನದು ಟ್ರಿಪಲ್ ಡಬಲ್ (ಆಟದ ಮೂರು ಲೆಕ್ಕಗಳಲ್ಲಿ ಹತ್ತು ಅಥವಾ ಹೆಚ್ಚು). ಎದುರು ಕಡೆ 39ರ ಜಮಾಲ್ ಕ್ರಾಫರ್ಡ್ 51 ಅಂಕ ಹೊಡೆದದ್ದು ಬೇರೆ ದಿನವಾಗಿದ್ದರೆ ಅದೇ ದೊಡ್ಡ ಸುದ್ದಿ. ಪಂದ್ಯ ಮುಗಿದ ಮೇಲೆ ಹಿಂದಿನ ತಾರೆಗಳಾದ ಲ್ಯಾರಿ ಬರ್ಡ್, ಚಾರ್ಲ್ಸ್ ಬಾರ್ಕ್ಲಿ, ಸ್ಕಾಟಿ ಪಿಪ್ಪನ್, ಶಾನ್ ಕೆಂಪ್, ಡೆಟ್ಲೆಫ್ ಶ್ರೆಂಫ್ ಅಂಗಳಕ್ಕೆ ಬಂದರು. ಇದು ನನ್ನ ತವರಿನ ಕೊನೆಯ ಪಂದ್ಯ ಎಂದು ಡರ್ಕ್ ಆಗ ಹೇಳಿದರು. ಅಂದಿನ ಘೋಷವಾಕ್ಯ 41.21.1: ಅಂಗಿಯ ನಂಬರ್ 41, 21 ಸೀಸನ್, ಒಂದೇ ತಂಡ.

ಮರುದಿನ ಸ್ಯಾನ್ ಆಂಟೋನಿಯೋದಲ್ಲಿ 20 ಅಂಕ, 10 ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು). ಅಲ್ಲಿಯವರು ತೋರಿಸಿದ ವಿಡಿಯೋಗೆ ಡರ್ಕ್ ಕಣ್ಣು ಒದ್ದೆಯಾಯಿತು. 2006ರ ಪ್ಲೇಆಫ್ ಸರಣಿಯ ಏಳನೇ ಪಂದ್ಯ ಓವರ್‌ಟೈಮ್‌ಗೆ ಹೋಗಿ ಡಲ್ಲಾಸ್ ಗೆದ್ದದ್ದು ಈ ಊರಿನ ತಂಡ ಸ್ಪರ್ಸ್ ಮೇಲೆ, ಇದೇ ಊರಲ್ಲಿ. ಆ ನೋವು ತಿಂದವರೇ ಎದ್ದು ನಿಂತಿದ್ದರು.

ಎದುರಾಳಿಗಳೇಕೆ ಮೆಚ್ಚಿದರು ಅಂದರೆ, ದೊಡ್ಡ ಹೆಸರುಗಳನ್ನು ಒಟ್ಟುಗೂಡಿಸಿದ ಮಿಯಾಮಿಯನ್ನು 2011ರ ಫೈನಲ್‌ನಲ್ಲಿ 4-2ರಿಂದ ಸೋಲಿಸಿದ್ದು ಎಲ್ಲರಿಗೂ ನೆನಪಿತ್ತು. ಎಡಗೈ ನಡುಬೆರಳಿನ ಸ್ನಾಯುರಜ್ಜು ಹರಿದಿದ್ದರೂ ಎರಡನೇ ಪಂದ್ಯದ ಗೆಲುವಿನ ಬುಟ್ಟಿ ಹಾಕಿದ್ದು ಅದೇ ಎಡಗೈಯಿಂದ. ನಾಲ್ಕನೆಯದನ್ನು ಜ್ವರದಲ್ಲೇ ಆಡಿದರು. 2014ರಲ್ಲಿ ಸಿಗಬಹುದಾದ ಗರಿಷ್ಠ ಸಂಬಳಕ್ಕಿಂತ ಎಷ್ಟೋ ಕಡಿಮೆಗೆ, 3 ವರ್ಷಕ್ಕೆ 2.5 ಕೋಟಿ ಡಾಲರ್‌ಗೆ, ತಂಡಕ್ಕೆ ಬೇರೆ ಆಟಗಾರರು ಸಿಗಲಿ ಎಂದು ಸಹಿ ಹಾಕಿದರು.

ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) ಆಯ್ಕೆಯಾದ ಮೊದಲಿಗ, ಪಂಜಾಬಿನ ಸತ್ನಾಮ್ ಸಿಂಗ್, 2015ರಲ್ಲಿ ಹೋದದ್ದೂ ಈ ಡಲ್ಲಾಸ್‌ಗೇ, 52ನೇ ಆಯ್ಕೆಯಾಗಿ. ಎನ್‌ಬಿಎ ಪಂದ್ಯ ಆಡುವ ಅವಕಾಶ ಸಿಗಲಿಲ್ಲ, ಆದರೆ ನಮ್ಮಲ್ಲಿ ಆ ಅಂಗಿಯ ಗುರುತು ಹತ್ತಿಸಿದ್ದರಲ್ಲಿ ಅವರ ಪಾಲೂ ಇದೆ.

ಎರಡನೇ_ಸಾಲು:
ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ. ನಮ್ಮ ಕಡೆ ಹೆಚ್ಚಿನವು ಸಿಮೆಂಟ್ ಕೋರ್ಟ್, ಬಯಲಲ್ಲಿ. ಒಂಟಿಕಾಲಲ್ಲಿ ಇಳಿಯುವುದು ಅಪಾಯ ಅಲ್ಲವೇ?

ಮಣಿಕಟ್ಟು:
ಅಪಾಯ ಇದೆ, ಒಳ್ಳೆಯದು ಕೇಳಿದಿರಿ. ಹಿಂದಕ್ಕೆ ಹಾರಿದವನು ಹಿಮ್ಮಡಿ ಮೇಲೆ ಇಳಿದರೆ ಪೆಟ್ಟು ನೇರ ಮಂಡಿಗೆ, ಪಾದದ ಹೊರ ಅಂಚಿನ ಮೇಲೆ ಇಳಿದರೆ ಕಾಲಗಂಟು ಉಳುಕುತ್ತದೆ. ಪಾದದ ಮುಂಭಾಗ ಮೊದಲು ತಾಗಬೇಕು, ಮಂಡಿ ಸ್ವಲ್ಪ ಬಾಗಬೇಕು, ಇಳಿದು ಒಂದು ಸೆಕೆಂಡ್ ಅಲ್ಲಾಡದೆ ನಿಲ್ಲಬೇಕು. ನಿಲ್ಲಲಾಗದಿದ್ದರೆ ಹಾರಿದ್ದು ಅತಿಯಾಯಿತು ಎಂದರ್ಥ. ಶಾಟ್ ಶುರುಮಾಡುವ ಮುಂಚೆ ಎರಡು ವಾರ ಬರೀ ಒಂಟಿಕಾಲಲ್ಲಿ 30 ಸೆಕೆಂಡ್ ನಿಲ್ಲಿಸಿ, ಆಮೇಲೆ ಅದೇ ಕಾಲಲ್ಲಿ ಎಂಟೆಂಟು ಸಣ್ಣ ಜಿಗಿತ. ಸಿಮೆಂಟಿನ ಮೇಲೆ ದಿನಕ್ಕೆ 30ಕ್ಕಿಂತ ಹೆಚ್ಚು ಹಾರುವ ಶಾಟ್ ಬೇಡ, ಉಳಿದದ್ದು ನಿಂತಲ್ಲೇ ಮಾಡಲಿ. ಮಣ್ಣು, ಮರಳು ಬಿದ್ದಿದ್ದರೆ ಮೊದಲು ಗುಡಿಸಿ. ಮಳೆಯಾಗಿ ಒಣಗುವ ಮುಂಚೆ ಈ ಶಾಟ್ ಬೇಡವೇ ಬೇಡ.

ನಲವತ್ತೊಂದು:
ಹುಡುಗರಿಗೆ ತೋರಿಸಲು ಇನ್ನೊಂದು ಪಂದ್ಯ: 2011ರ ಮೇ 17, ಒಕ್ಲಹೋಮಾ ಸಿಟಿ ವಿರುದ್ಧ. 48 ಅಂಕ, ಎಸೆದದ್ದು ಬರೀ 15 ಶಾಟ್, ಅದರಲ್ಲಿ 12 ಒಳಗೆ. ಫ್ರೀ ಥ್ರೋ 24ಕ್ಕೆ 24. ಮೊದಲು ಆ 24 ಫ್ರೀ ಥ್ರೋ ತೋರಿಸಿ, ಒಂಟಿಕಾಲು ಆಮೇಲೆ.