ಗ್ರೂಯಿಫಾರ್ಮಿಸ್ ಗಣ: ಹಳೆಯ ಪಟ್ಟಿಯಲ್ಲಿ ಯಾರನ್ನು ಉಳಿಸಬೇಕು, ಯಾರನ್ನು ತೆಗೆಯಬೇಕು?

ಜೊಂಡುಹುಲ್ಲು:
1980ರ ದಶಕದ ಪಕ್ಷಿಪಟ್ಟಿಯೊಂದನ್ನು ಈಗಿನ ವರ್ಗೀಕರಣಕ್ಕೆ ಹೊಂದಿಸುತ್ತಿದ್ದೇನೆ. ಗ್ರೂಯಿಫಾರ್ಮಿಸ್ ಅಡಿಯಲ್ಲಿ ಕ್ರೇನ್ (ಸಾರಸದ ಬಳಗ), ನಾಮದ ಕೋಳಿ, ಹುಂಡುಕೋಳಿಗಳ ಜೊತೆಗೆ ಎರ್ಲಡ್ಡು (ಬಸ್ಟರ್ಡ್), ಬಟನ್ ಕ್ವೇಲ್‌ಗಳೂ ಇವೆ. ಜೌಗಿನಲ್ಲೇ ಬದುಕುವ ದೇವನಕ್ಕಿ (ಜಕಾನಾ) ಮಾತ್ರ ಇಲ್ಲ. ಇದರಲ್ಲಿ ಯಾವುದು ಸರಿ?

ಕೆರೆಯಂಗಳ:
ಈಗ ಉಳಿದಿರುವುದು ಆರು ಕುಟುಂಬ, ಎರಡು ಕವಲು. ಒಂದರಲ್ಲಿ ಕ್ರೇನ್ (15 ಪ್ರಭೇದ), ಲಿಂಪ್ಕಿನ್ (1), ಟ್ರಂಪೆಟರ್ (3). ಇನ್ನೊಂದರಲ್ಲಿ ರೈಲ್ ಕುಟುಂಬ, ಫಿನ್‌ಫುಟ್, ಫ್ಲಫ್‌ಟೇಲ್. ನಾಮದ ಕೋಳಿ, ಹುಂಡುಕೋಳಿ, ಜಂಬುಕೋಳಿ ಎಲ್ಲವೂ ರೈಲ್ ಕುಟುಂಬದವೇ. ಫ್ಲಫ್‌ಟೇಲ್‌ಗಳನ್ನೂ ಮೊದಲು ಅಲ್ಲೇ ಇಟ್ಟಿದ್ದರು. ಅವು ಫಿನ್‌ಫುಟ್‌ಗೆ ಹತ್ತಿರ ಎಂದು ಡಿಎನ್ಎ ತೋರಿಸಿದ ಮೇಲೆ ಬೇರೆ ಕುಟುಂಬವಾಯಿತು.

ಎರ್ಲಡ್ಡು ಓಟಿಡಿಫಾರ್ಮಿಸ್ ಎಂಬ ಬೇರೆ ಗಣಕ್ಕೆ ಹೋಗಬೇಕು. ಬಟನ್ ಕ್ವೇಲ್ ಮತ್ತು ದೇವನಕ್ಕಿ ಎರಡೂ ಟಿಟ್ಟಿಭ, ರೀವಗಳಿರುವ ಕರಾಡ್ರಿಫಾರ್ಮಿಸ್ ಗಣದವು. ಕಾಗು, ಸನ್‌ಬಿಟರ್ನ್, ಸೆರಿಯೆಮಾ, ಮೆಸೈಟ್ ಕೂಡ ಹೊರಗೆ.

ಹಳೆಯ ಗಣ ಇಷ್ಟು ಸಡಿಲವಾಗಿದ್ದಕ್ಕೆ ಕಾರಣವಿದೆ. ನೆಲದ ಮೇಲೆ ಓಡಾಡುವ, ಬೇರೆಲ್ಲೂ ಸಲೀಸಾಗಿ ಸೇರದ ಹಕ್ಕಿಗಳನ್ನೆಲ್ಲ ಅಲ್ಲಿಗೆ ಸೇರಿಸಿದ್ದರು. ಎಲ್ಲಕ್ಕೂ ಸಮಾನವಾದ ಗಟ್ಟಿ ಲಕ್ಷಣ ಒಂದೂ ಇರಲಿಲ್ಲ. 169 ಪ್ರಭೇದಗಳ 19 ಜೀನ್ ಭಾಗಗಳನ್ನು ಹೋಲಿಸಿದ 2008ರ ಅಧ್ಯಯನದಲ್ಲಿ ಈ ಗುಂಪು ಚದುರಿಹೋಯಿತು. ಕಾಲ್ಬೆರಳನ್ನು ನಂಬಿ ಕೆಡಬೇಡಿ: ನಾಮದ ಕೋಳಿ, ಫಿನ್‌ಫುಟ್, ಗುಳುಮುಳುಕ ಮೂರಕ್ಕೂ ಬೆರಳಿನ ಅಂಚಿನಲ್ಲಿ ಹಾಳೆಯಂಥ ಚರ್ಮವಿದೆ, ಆದರೆ ಗುಳುಮುಳುಕ ಈ ಗಣದ್ದೇ ಅಲ್ಲ. ಈಜುವ ಬದುಕು ಬೇರೆ ಬೇರೆ ವಂಶಗಳಲ್ಲಿ ಒಂದೇ ರೂಪ ತಂದಿದೆ.

ಜೊಂಡುಹುಲ್ಲು:
ಬಟನ್ ಕ್ವೇಲ್ ಅನ್ನು ಬುರ್ಲಿಯ (ನಿಜವಾದ ಕ್ವೇಲ್) ಜೊತೆ ಹಾಕಿದರೆ ಆಗದೇ?

ಕೆರೆಯಂಗಳ:
ಖಂಡಿತ ಬೇಡ. ಅದಕ್ಕೆ ಹಿಂಬೆರಳೇ ಇಲ್ಲ, ಮೂರೇ ಬೆರಳು. ಬಣ್ಣ ಹೆಚ್ಚಿರುವುದೂ ಹೆಣ್ಣಿಗೆ. ಕಾವು ಕೂರುವುದು ಗಂಡು.

ನೀರಂಚು:
ಗಣ ಬದಲಿಸುವುದು ಸುಲಭದ ಕೆಲಸ, ಪಟ್ಟಿಗಳು ಹೆಚ್ಚಾಗಿ ಕೆಡುವುದು ಕುಲದ ಹೆಸರಿನಲ್ಲಿ, ಅಂದರೆ ವೈಜ್ಞಾನಿಕ ಹೆಸರಿನ ಮೊದಲ ಪದದಲ್ಲಿ. ಗ್ರೂಸ್ ಆಂಟಿಗೋನ್ ಎಂದಿದ್ದ ಸಾರಸ ಈಗ ಆಂಟಿಗೋನ್ ಆಂಟಿಗೋನ್. ಹಾಗೆಂದು ಎಲ್ಲ 'ಗ್ರೂಸ್' ಅನ್ನೂ ಒಟ್ಟಿಗೆ ಬದಲಿಸಿದರೆ ಕಾಮನ್ ಕ್ರೇನ್ ತಪ್ಪಾಗುತ್ತದೆ. ಅದು ಗ್ರೂಸ್ ಗ್ರೂಸ್ ಆಗಿಯೇ ಇದೆ. ಡೆಮೊಸೆಲ್ ಕ್ರೇನ್ ಆಂಥ್ರೊಪಾಯ್ಡಿಸ್ ಬಿಟ್ಟು ಗ್ರೂಸ್‌ಗೆ ಬಂದಿದೆ, ಸೈಬೀರಿಯನ್ ಕ್ರೇನ್ ಲ್ಯೂಕೊಜೆರಾನಸ್‌ಗೆ ಹೋಗಿದೆ. ಆದ್ದರಿಂದ ಪ್ರಭೇದದಿಂದ ಪ್ರಭೇದಕ್ಕೆ ನೋಡಿಯೇ ತಿದ್ದಿ. ಕುಲ ಬದಲಾದಾಗ ಎರಡನೇ ಪದದ ಕೊನೆಯೂ ಬದಲಾಗಬಹುದು: ರೈಲ್ ಕುಟುಂಬದಲ್ಲಿ ಗ್ಯಾಲಿರಾಲಸ್ ಸ್ಟ್ರಯೇಟಸ್ ಎಂದಿದ್ದದ್ದು ಈಗ ಲೆವಿನಿಯಾ ಸ್ಟ್ರಯೇಟಾ.

ಜಂಬುಕೋಳಿಯ ಹಳೆಯ ದಾಖಲೆಗಳಿಗೆ ಹಕ್ಕಿ ಕಂಡ ಜಾಗವೂ ಬೇಕು. ಪಾರ್ಫಿರಿಯೊ ಪಾರ್ಫಿರಿಯೊ ಎಂಬ ಒಂದೇ ಪ್ರಭೇದವನ್ನು ಹಲವಾಗಿ ಒಡೆದಿದ್ದಾರೆ; ದಕ್ಷಿಣ ಏಷ್ಯಾದ್ದು ಪಾರ್ಫಿರಿಯೊ ಪೋಲಿಯೋಸೆಫಾಲಸ್. ಜಾಗ ಬರೆದಿಲ್ಲದಿದ್ದರೆ ಊಹಿಸಿ ತುಂಬದೆ ಹಳೆಯ ಹೆಸರನ್ನೇ ಬಿಡಿ. ಹಳೆಯ ಹೆಸರಿಗೊಂದು ಕಾಲಂ, ಅನುಸರಿಸಿದ ಪಟ್ಟಿಯ ಹೆಸರು ಮತ್ತು ಆವೃತ್ತಿಗೆ ಇನ್ನೊಂದು ಕಾಲಂ ಇಟ್ಟುಕೊಳ್ಳಿ. ಮುಂದಿನ ಪರಿಷ್ಕರಣೆ ಬಂದಾಗ ಮತ್ತೆ ಮೊದಲಿಂದ ಹುಡುಕಬೇಕಾಗುವುದಿಲ್ಲ.