ಹದಿಮೂರು ವರ್ಷದ ಮಗನಿಗೆ ಬಿಯರ್ ರುಚಿ ತೋರಿಸಿದ್ದಾರೆ, ನಿಮ್ಮ ಅನುಭವ ಹೇಳಿ

ಭಾನುವಾರ ನಮ್ಮ ಯಜಮಾನರೂ ಅವರ ಅಣ್ಣನೂ ಟೆರೇಸಿನಲ್ಲಿ ಕೂತು ಕುಡಿಯುತ್ತಾರೆ. ಗಲಾಟೆ ಇಲ್ಲ, ಜಗಳ ಇಲ್ಲ. ಐಸ್, ಸೋಡಾ, ಶೇಂಗಾ ಮೇಲಕ್ಕೆ ಒಯ್ಯುವವನು ಮಗ. ಹೋದ ವಾರ ಭಾವ ಅವನಿಗೆ ಅರ್ಧ ಲೋಟ ಬಿಯರ್ ಕೊಟ್ಟಿದ್ದಾರೆ. ಕೇಳಿದರೆ, "ಮನೆಯಲ್ಲೇ ರುಚಿ ನೋಡಿದರೆ ನಾಳೆ ಹೊರಗೆ ಕದ್ದು ಕುಡಿಯಲ್ಲ ಬಿಡಮ್ಮ" ಅಂತಾರೆ. ನಮ್ಮ ಮಾವ ಕುಡಿದೇ ಹೋದವರು. ನಾನು ಸುಮ್ನೆ ಗಾಬರಿ ಬೀಳ್ತಿದ್ದೀನಾ? ಕುಡಿಯುವವರ ಮನೆಯಲ್ಲಿ ಬೆಳೆದವರು ಹೇಳಿ.

ಮಂಡ್ಯ ಕಡೆಯವನು:
ಗಾಬರಿಗೆ ಕಾರಣ ಇದೆ ಅಕ್ಕಾ. ಆ ಐಸ್ ಒಯ್ಯುವ ಹುಡುಗ ನಾನೇ, ನಮ್ಮ ಕಾಲದಲ್ಲಿ ಪ್ಯಾಕೆಟ್ ಸಾರಾಯಿ ಅಷ್ಟೆ. ಸಂಜೆ ಅಪ್ಪ ದುಡ್ಡು ಕೊಟ್ಟು ಅಂಗಡಿಗೆ ಕಳಿಸುತ್ತಿದ್ದರು, ಮಿಕ್ಕ ಚಿಲ್ಲರೆ ನನ್ನದು, ಅದರಲ್ಲಿ ಕಡ್ಲೆ ಮಿಠಾಯಿ. ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹರಿದು, ಹೀರಿ, ಟವೆಲಲ್ಲಿ ಮೀಸೆ ಒರೆಸಿಕೊಂಡು ನನ್ನ ತಲೆ ಸವರುತ್ತಿದ್ದರು. ಇಡೀ ದಿನದಲ್ಲಿ ಅವರು ನನ್ನನ್ನು ಮುಟ್ಟುತ್ತಿದ್ದದ್ದು ಆಗ ಮಾತ್ರ. ಆ ವಾಸನೆ ಇವತ್ತಿಗೂ ನನಗೆ ಅಪ್ಪನ ವಾಸನೆ. 2007ರ ಜುಲೈಯಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಊರಿನ ಹೆಂಗಸರು ಖುಷಿಪಟ್ಟರು, ಅಪ್ಪ ಅಗ್ಗದ ವಿಸ್ಕಿಗೆ ಹೋದರು.

ನಾನು ಶುರು ಮಾಡಿದ್ದು ಹಾಸ್ಟೆಲಿನಲ್ಲಿ. ಬೇರೆಯವರು ಎರಡು ಪೆಗ್ಗಿಗೆ ತೂರಾಡುತ್ತಿದ್ದರೆ ನನಗೆ ಕ್ವಾರ್ಟರ್ ಇಳಿಸಿದರೂ ಏನೂ ಆಗುತ್ತಿರಲಿಲ್ಲ. "ಮಗಾ, ಏನ್ ಕೆಪಾಸಿಟಿ ಕಣೋ ನಿಂದು" ಅಂತ ಹೊಗಳಿದ್ದೇ ಹೊಗಳಿದ್ದು, ನಾನೂ ಉಬ್ಬಿದೆ. ಬೇಗ ಏರದವರೇ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು, ಕುಡಿಯುವವರ ಮಕ್ಕಳಲ್ಲಿ ಇದು ಜಾಸ್ತಿ ಅಂತ ಡಾಕ್ಟರು ಹೇಳಿದ್ದು ಹದಿನೈದು ವರ್ಷ ಆದಮೇಲೆ, ಬೆಳಗ್ಗೆ ಕಾಫಿ ಲೋಟ ಹಿಡಿಯೋಕೆ ನನಗೆ ಎರಡು ಕೈ ಬೇಕಾದಾಗ. ಬಿಟ್ಟು ಆರು ವರ್ಷ ಆಯಿತು. ಮೊದಲು ಮಗನ ಕೈಯಿಂದ ಆ ಟ್ರೇ ಇಸ್ಕೊಳ್ಳಿ.

ಮಡಿಕೇರಿಯಿಂದ:
ನಾನು ಪೂರ್ತಿ ಒಪ್ಪಲ್ಲ. ನಮ್ಮಲ್ಲಿ ಮದುವೆ, ಹಬ್ಬ ಅಂದರೆ ಹಿರಿಯರ ಜೊತೆ ಕೂತು ಕುಡಿಯುವುದು ಇದ್ದದ್ದೇ. ನೆಗಡಿ ಆದರೆ ಅಜ್ಜಿ ಒಂದು ಚಮಚ ಬ್ರಾಂದಿ ಬಾಯಿಗೆ ಹಾಕೋರು. ನಾನು ವರ್ಷಕ್ಕೆ ನಾಲ್ಕು ಸಲ ಕುಡಿದರೆ ಹೆಚ್ಚು. ಆದರೆ ನನ್ನ ತಮ್ಮ ಅದೇ ಮನೆ, ಅದೇ ಅಜ್ಜಿ, ಅದೇ ಚಮಚ, ನಲವತ್ತಕ್ಕೇ ಲಿವರ್ ಹೋಯಿತು. ಯಾರಿಗೆ ಹಿಡಿಯುತ್ತೆ ಅಂತ ಮೊದಲೇ ಹೇಗೆ ಗೊತ್ತಾಗಬೇಕು? ಹಾಗಾಗಿ ಈಗ ನನ್ನ ಮಕ್ಕಳಿಗೆ ಆ ಚಮಚವೂ ಇಲ್ಲ.

ನರ್ಸ್, ಚಟ ಬಿಡಿಸುವ ವಾರ್ಡಿನಲ್ಲಿ ಕೆಲಸ ಮಾಡಿದ್ದೆ:
ನಿಮ್ಮ ಭಾವನವರ ಮಾತನ್ನು ಆಸ್ಟ್ರೇಲಿಯಾದಲ್ಲಿ ನಿಜಕ್ಕೂ ಪರೀಕ್ಷೆ ಮಾಡಿದ್ದಾರೆ. 1,900ಕ್ಕೂ ಹೆಚ್ಚು ಮಕ್ಕಳನ್ನು ಆರು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದರು. ಅಪ್ಪ ಅಮ್ಮನೇ ಕೊಟ್ಟರೆ ಮಕ್ಕಳು ಹದ್ದುಬಸ್ತಿನಲ್ಲಿ ಇರುತ್ತಾರೆ ಅನ್ನೋದಕ್ಕೆ ಏನೂ ಆಧಾರ ಸಿಗಲಿಲ್ಲ, ಹಾಗೆ ಮನೆಯಲ್ಲಿ ಕುಡಿಯಲು ಕೊಟ್ಟ ಮಕ್ಕಳಿಗೇ ಮುಂದೆ ಹೊರಗಡೆಯಿಂದಲೂ ಹೆಚ್ಚಾಗಿ ಮದ್ಯ ಸಿಗುತ್ತಿತ್ತು. ಅಮೆರಿಕದ 1997ರ ಲೆಕ್ಕ ಇನ್ನೊಂದು: 15ಕ್ಕೆ ಮೊದಲೇ ಶುರು ಮಾಡಿದವರಲ್ಲಿ ಹತ್ತಕ್ಕೆ ನಾಲ್ವರು ಚಟಕ್ಕೆ ಬಿದ್ದಿದ್ದರು, 20 ದಾಟಿ ಶುರು ಮಾಡಿದವರಲ್ಲಿ ಸುಮಾರು ಒಬ್ಬರು. ಬೇಗ ಶುರು ಮಾಡುವ ಮಕ್ಕಳ ಮನೆಯಲ್ಲಿ ಬೇರೆ ತೊಂದರೆಗಳೂ ಇರುತ್ತವೆ, ಎಲ್ಲವನ್ನೂ ವಯಸ್ಸಿನ ಮೇಲೇ ಹಾಕೋಕಾಗಲ್ಲ. ಆದರೂ ಸಣ್ಣ ಅಂತರ ಅಲ್ಲ, ಅಲ್ವಾ? ಅವಳಿ ಜವಳಿಗಳ ಅಧ್ಯಯನಗಳ ಪ್ರಕಾರ ಚಟಕ್ಕೆ ಬೀಳುವುದರಲ್ಲಿ ಸುಮಾರು ಅರ್ಧ ಪಾಲು ರಕ್ತದಿಂದ ಬರುವುದು. ನಿಮ್ಮ ಮಾವನ ವಿಷಯ ಯಜಮಾನರಿಗೆ ನೆನಪಿಸಿ. ಭಾನುವಾರ ಸಂಜೆ ಬೇಡ, ಸೋಮವಾರ ಬೆಳಗ್ಗೆ ಕಾಫಿ ಕೊಟ್ಟು ಕೂತು ಮಾತಾಡಿ. ಸಹಾಯ ಬೇಕು ಅನ್ನಿಸಿದರೆ 14446 ಚಟ ಬಿಡಿಸುವ ಸಹಾಯವಾಣಿ, 14416 ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, ಎರಡೂ ಉಚಿತ.

ಇನ್ನೊಬ್ಬರು:
ನಾನು ಒಂದು ಹನಿ ಮುಟ್ಟಿದವಳಲ್ಲ. ಆದರೆ ಚಪ್ಪಲಿ ಸದ್ದಿನಲ್ಲೇ ಅಪ್ಪ ಎಷ್ಟು ಕುಡಿದಿದ್ದಾರೆ ಅಂತ ಲೆಕ್ಕ ಹಾಕುತ್ತಾ ಬೆಳೆದೆ. ಗಂಡ ಟೀ ಬಿಟ್ಟು ಏನೂ ಕುಡಿಯಲ್ಲ, ಅವರ ಸ್ಕೂಟರ್ ಹತ್ತು ನಿಮಿಷ ತಡವಾದರೆ ಈಗಲೂ ಹೊಟ್ಟೆ ತೊಳಸುತ್ತೆ. ಗಲಾಟೆ ಇಲ್ಲದ ಮನೆ ಅಂತೀರಿ, ಮಗನನ್ನೂ ಒಂದು ಮಾತು ಕೇಳಿ ನೋಡಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಈ ಭಾನುವಾರ ಮಗನನ್ನು ಅಮ್ಮನ ಮನೆಗೆ ಕಳಿಸಿದ್ದೆ. ಐಸ್ ಬೇಕಾದವರು ತಾವೇ ಕೆಳಗಿಳಿದು ಬಂದರು. ಮೂರು ಸಲ ಇಳಿದು ಹತ್ತಿದವರು ನಾಲ್ಕನೇ ಸಲ ಬರಲಿಲ್ಲ, ಊಟಕ್ಕೇ ಬಂದರು. ಸೋಮವಾರದ ಕಾಫಿ ಮಾತ್ರ ಇನ್ನೂ ಆಗಿಲ್ಲ.